ನಿದಾನ ಮೊದಲು, ಗ್ಯಾಸು ಆಮೇಲೆ

ಯುಗಾದಿ ಕಳೆದು ಬೇವಿನ ಹೂವು ಉದುರುವ ಹೊತ್ತಿಗೆ ಬೆಂಗಳೂರಿನಂಥ ತಂಪಿನ ಊರಿನಲ್ಲಿಯೂ ಬಿಸಿಲು ತನ್ನ ಪ್ರತಾಪವನ್ನು ತೋರತೊಡಗುತ್ತದೆ. ವರ್ಷದ ಉಳಿದ ದಿನಗಳಲ್ಲಿ ಯಾರ ಗಮನಕ್ಕೂ ಬಾರದೆ ತನ್ನ ಪಾಡಿಗೆ ತಾನಿದ್ದ ಕಾರಿನ ಹವಾನಿಯಂತ್ರಣವು ಆಗ ಒಮ್ಮೆಲೇ ಮನೆಮಂದಿಯ ಮಾತಿಗೆ ವಸ್ತುವಾಗುತ್ತದೆ. ಮನೆಯಲ್ಲಿರುವುದು ಏಳು ಆಸನಗಳ, ಎತ್ತರವಾದ, ಅರ್ಧ ಕೋಟಿ ಮುಕ್ಕಾಲು ಕೋಟಿ ರೂಪಾಯಿ ಬೆಲೆಯ ಆ ಭಾರಿ ವಾಹನ, ಎಂದರೆ ಎಸ್.ಯು.ವಿ. ಎಂದು ಈಗ ಎಲ್ಲರ ಬಾಯಲ್ಲಿಯೂ ಇರುವಂಥದು, ಆಗಿದ್ದರಂತೂ ಯಜಮಾನರ ಮುಖವು ಬಿಸಿಲಿಲ್ಲದೆಯೇ ಕೆಂಪೇರುತ್ತದೆ. ಇಷ್ಟು ಹಣ ಸುರಿದೂ ಕರವಸ್ತ್ರದಿಂದ ಬೆವರು ಒರೆಸಿಕೊಳ್ಳಬೇಕೆ?

ವಾಹನ ಗ್ಯಾರೇಜಿಗೆ ಹೋಗುತ್ತದೆ. ಬಾನೆಟ್ಟು ಮೇಲೇಳುತ್ತದೆ. ಐದು ನಿಮಿಷದೊಳಗೆ ತೀರ್ಪು ಹೊರಬೀಳುತ್ತದೆ: “ಗ್ಯಾಸು ಮುಗಿದಿದೆ ಸಾರ್, ತುಂಬಿಸಿಬಿಡೋಣ.” ತುಂಬಿಸುತ್ತಾರೆ. ತಂಪು ಬರುತ್ತದೆ. ಮಳೆಗಾಲ ಬಂದು ವಿಷಯ ಮರೆತುಹೋಗುತ್ತದೆ. ಮರುವರ್ಷ ಅದೇ ಬಿಸಿಲು, ಅದೇ ಗ್ಯಾರೇಜು, ಅದೇ ಮಾತು.

ಈ ತೀರ್ಪಿನಲ್ಲಿರುವ ‘ಮುಗಿದಿದೆ’ ಎಂಬ ಒಂದು ಕ್ರಿಯಾಪದವೇ ಸಕಲ ಅನರ್ಥಗಳಿಗೂ ಮೂಲವೆಂದರೆ ಅತಿಶಯೋಕ್ತಿಯಲ್ಲ. ಪೆಟ್ರೋಲು ಉರಿದು ಮುಗಿಯುತ್ತದೆ. ದೀಪದ ಎಣ್ಣೆ ಉರಿದು ಮುಗಿಯುತ್ತದೆ. ಹವಾನಿಯಂತ್ರಣದ ಗ್ಯಾಸು ಮುಗಿಯುವ ಪದಾರ್ಥವೇ ಅಲ್ಲ. ಅದು ಮುಚ್ಚಿದ ಕೊಳವೆಗಳೊಳಗೆ ಸುತ್ತಿದ ದಾರಿಯನ್ನೇ ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ಕಡಮೆಯಾಗಿದ್ದರೆ ಎಲ್ಲಿಂದಲೋ ಸೋರಿ ಹೋಗಿದೆಯೆಂದೇ ಅರ್ಥ. ಸೋರುವ ಕೊಡಕ್ಕೆ ನೀರು ತುಂಬುವುದನ್ನು ರಿಪೇರಿಯೆಂದು ಕರೆಯುವ ವಾಡಿಕೆ ಬೇರೆ ಯಾವ ಉದ್ಯೋಗದಲ್ಲಿಯೂ ಇದ್ದಂತಿಲ್ಲ.

ಆಯುರ್ವೇದದವರು ರೋಗದ ಮೂಲವನ್ನು ಗೊತ್ತುಹಚ್ಚುವ ವಿದ್ಯೆಗೆ ‘ನಿದಾನ’ವೆಂದು ಹೆಸರಿಟ್ಟು, ಅದಕ್ಕೆಂದೇ ಮಾಧವಕರನ ಗ್ರಂಥವನ್ನು ಪಾಠವಾಗಿ ಓದಿಸುತ್ತ ಬಂದಿದ್ದಾರೆ. ಕನ್ನಡದಲ್ಲಿ ಅಲ್ಪಪ್ರಾಣದ ‘ನಿದಾನ’ಕ್ಕೂ ಮಹಾಪ್ರಾಣದ ‘ನಿಧಾನ’ಕ್ಕೂ ನಡುವೆ ಇರುವುದು ಒಂದು ಸೀಳು ಮಾತ್ರ. ಗ್ಯಾರೇಜುಗಳಲ್ಲಿ ಎರಡನೆಯದಕ್ಕೆ ಪುರುಸೊತ್ತಿಲ್ಲದ್ದರಿಂದ ಮೊದಲನೆಯದೂ ನಡೆಯುವುದಿಲ್ಲ.

ಯಂತ್ರದ ತತ್ವವು ಗೃಹಿಣಿಯರಿಗೆ ಅಪರಿಚಿತವೇನಲ್ಲ. ಸೂಜಿಮದ್ದು ಚುಚ್ಚುವ ಮೊದಲು ದಾದಿಯು ತೋಳಿಗೆ ಸ್ಪಿರಿಟ್ಟು ಸವರಿದಾಗ ಆ ಜಾಗ ತಣ್ಣಗಾಗುತ್ತದೆ. ದ್ರವವು ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಂಡು ಹೋಗುವುದೇ ಇದಕ್ಕೆ ಕಾರಣ. ಇನ್ನು ಪ್ರೆಷರ್ ಕುಕ್ಕರಿನಲ್ಲಿ ಒತ್ತಡ ಏರಿದಂತೆ ನೀರು ನೂರು ಡಿಗ್ರಿಗೆ ಕುದಿಯದೆ ಸುಮಾರು ನೂರಿಪ್ಪತ್ತರವರೆಗೆ ಏರಿ ಕುದಿಯುತ್ತದೆ. ಈ ಎರಡು ಸಂಗತಿಗಳನ್ನು ಒಟ್ಟುಗೂಡಿಸಿದರೆ ಕಾರಿನ ಹವಾನಿಯಂತ್ರಣ ತಯಾರಾಯಿತು. ಇಂದು ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ ಎಂಬ ಶೀತಕವು ಬಯಲಿನಲ್ಲಿ ಸೊನ್ನೆಗಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ. ಡ್ಯಾಷ್‌ಬೋರ್ಡಿನ ಹಿಂದೆ ಅಡಗಿರುವ ಕೂಲಿಂಗ್ ಕಾಯಿಲಿನಲ್ಲಿ ಅದಕ್ಕೆ ಸ್ವಲ್ಪ ಒತ್ತಡವನ್ನಿಟ್ಟು, ಸೊನ್ನೆಯ ಆಸುಪಾಸಿನಲ್ಲಿ ಕುದಿಯುವಂತೆ ಮಾಡುತ್ತಾರೆ. ಅದು ಕುದಿಯುತ್ತ ಕಾರಿನ ಒಳಗಿನ ಶಾಖವನ್ನು ಹೀರುತ್ತದೆ. ಆ ಆವಿಯನ್ನು ಕಂಪ್ರೆಸರು ಎಳೆದುಕೊಂಡು, ಬಲವಾಗಿ ಒತ್ತಿ, ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ನೂಕುತ್ತದೆ. ಅಲ್ಲಿನ ಒತ್ತಡದಲ್ಲಿ ಅದು ಸುಮಾರು 55 ಡಿಗ್ರಿಯಲ್ಲಿಯೇ ಮತ್ತೆ ದ್ರವವಾಗುವುದರಿಂದ, ಹೊರಗಿನ 38 ಡಿಗ್ರಿಯ ಬಿಸಿಗಾಳಿ ಕೂಡ ಅದರ ಪಾಲಿಗೆ ತಂಗಾಳಿಯೇ ಸರಿ. ಹೀಗೆ ದ್ರವವಾದದ್ದು ಡ್ರೈಯರೆಂಬ ಸೋಸುಗಡಿಗೆಯನ್ನು ದಾಟಿ, ಎಕ್ಸ್‌ಪಾನ್ಷನ್ ವಾಲ್ವಿನ ಕಿರುಗಂಡಿಯಲ್ಲಿ ನುಸುಳಿ, ಒತ್ತಡವನ್ನು ಕಳೆದುಕೊಂಡು ಮರಳಿ ಕೂಲಿಂಗ್ ಕಾಯಿಲನ್ನು ಸೇರುತ್ತದೆ. ಹವಾನಿಯಂತ್ರಣವು ತಂಪನ್ನು ಸೃಷ್ಟಿಸುವುದಿಲ್ಲ; ಒಳಗಿನ ಶಾಖವನ್ನು ಹೊತ್ತು ಹೊರಗೆ ಹಾಕುತ್ತದೆ, ಅಷ್ಟೆ.

ಆದರೂ ಗ್ಯಾಸು ಒಂದಿಷ್ಟೂ ಸೋರದ ಕಾರು ಲೋಕದಲ್ಲಿಲ್ಲವೆಂಬುದನ್ನು ಒಪ್ಪಬೇಕು. ರಬ್ಬರಿನ ಮೆತುಕೊಳವೆಗಳಿರುವೆಡೆಯಲ್ಲಿ, ತಿರುಗುವ ದಂಡದ ಸೀಲಿನಲ್ಲಿ, ವರ್ಷಕ್ಕೆ ಕೆಲವು ಗ್ರಾಂ ತಪ್ಪಿಸಿಕೊಳ್ಳುವುದು ಸಹಜ. ಐರೋಪ್ಯ ಒಕ್ಕೂಟವು 2006ರಲ್ಲಿ ಮಾಡಿದ ಒಂದು ಕಾನೂನು ಈ ಸಹಜತೆಗೂ ಮೇರೆ ಹಾಕಿತು. ಆರ್-134ಎಯಂಥ ಶೀತಕವಿರುವ ಹೊಸ ಮಾದರಿಯ ಕಾರು ಒಂದು ಕೂಲಿಂಗ್ ಕಾಯಿಲಿನದಾದರೆ ವರ್ಷಕ್ಕೆ 40 ಗ್ರಾಂ, ಎರಡು ಕಾಯಿಲಿನದಾದರೆ 60 ಗ್ರಾಂ ಮೀರಿ ಸೋರಕೂಡದು. ದೊಡ್ಡ ಎಸ್.ಯು.ವಿ.ಗಳು ಹಿಡಿಯುವ ಗ್ಯಾಸು ಸುಮಾರು ಒಂದು ಕಿಲೋಗ್ರಾಂ. ಈ ಅಳತೆಯಲ್ಲಿ ಲೆಕ್ಕ ಹಾಕಿದರೆ, ಸುಸ್ಥಿತಿಯಲ್ಲಿರುವ ವಾಹನವು ಐದು ವರ್ಷ ಕಳೆದರೂ ತನ್ನ ಗ್ಯಾಸಿನಲ್ಲಿ ಮುಕ್ಕಾಲು ಭಾಗದಷ್ಟನ್ನು ಉಳಿಸಿಕೊಂಡಿರಬೇಕು. ಪ್ರತಿ ಬೇಸಗೆಯಲ್ಲಿಯೂ ‘ಮುಗಿಯುವ’ ವಾಹನಕ್ಕೆ ತೂತು ಬಿದ್ದಿದೆಯೆಂದು ತಿಳಿಯಲು ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕಿಲ್ಲ.

ಸೋರಿದರೆ ಸೋರಲಿ, ಹಣ ತೆತ್ತು ತುಂಬಿಸಿಕೊಳ್ಳುತ್ತೇವೆ ಎನ್ನುವ ಧನವಂತರೂ ಉಂಟು. ಅವರಿಗಾಗಿ ಈ ಗ್ಯಾಸಿನ ಪೂರ್ವೋತ್ತರವನ್ನು ಕೊಂಚ ಹೇಳಬೇಕಾಗುತ್ತದೆ. ಕಾರ್ಖಾನೆಯಲ್ಲಿಯೇ ಹವಾನಿಯಂತ್ರಣವನ್ನು ಜೋಡಿಸಿದ ಕಾರನ್ನು ಮೊದಲು ಮಾರಾಟಕ್ಕಿಟ್ಟದ್ದು ಅಮೆರಿಕದ ಪ್ಯಾಕಾರ್ಡ್ ಕಂಪನಿ, 1940ರ ಮಾದರಿಯಲ್ಲಿ. ಅದರ ಕೂಲಿಂಗ್ ಕಾಯಿಲು ಹಿಂದಿನ ಡಿಕ್ಕಿಯಲ್ಲಿತ್ತು. ತಂಪು ಸಾಕೆನಿಸಿದರೆ ಎಂಜಿನ್ನನ್ನು ನಿಲ್ಲಿಸಿ, ಬಾನೆಟ್ಟೆತ್ತಿ, ಕಂಪ್ರೆಸರಿನ ಬೆಲ್ಟನ್ನು ಕೈಯಾರೆ ಕಳಚಬೇಕಿತ್ತು! ಆಗಿನ ಶೀತಕವು ಫ್ರಿಯಾನ್, ಎಂದರೆ ಆರ್-12. ಅದು ವಿಷವೂ ಅಲ್ಲ, ಉರಿಯುವುದೂ ಇಲ್ಲವೆಂದು ತೋರಿಸಲು ಥಾಮಸ್ ಮಿಡ್ಗ್ಲಿ 1930ರಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಅದನ್ನು ಎದೆತುಂಬ ಎಳೆದುಕೊಂಡು ಮೋಂಬತ್ತಿಯ ಮೇಲೆ ಊದಿ ಆರಿಸಿದನು. ಮನುಷ್ಯನಿಗೆ ಸಾಧುವಾದ ಆ ಅನಿಲವು ಆಕಾಶಕ್ಕೆ ಸಾಧುವಲ್ಲವೆಂಬುದನ್ನು ಮೊಲಿನಾ ಮತ್ತು ರೋಲೆಂಡ್ ಎಂಬ ವಿಜ್ಞಾನಿಗಳು 1974ರಲ್ಲಿ ಮುಂದಿಟ್ಟರು. ಅದು ಮೇಲೇರಿ ಓಜೋನಿನ ಪದರವನ್ನು ಕೊರೆಯುತ್ತಿತ್ತು. 1987ರ ಮಾಂಟ್ರಿಯಲ್ ಒಪ್ಪಂದದ ಫಲವಾಗಿ ಅದು ಕಾರುಗಳಿಂದ ಮರೆಯಾಗಿ ಆರ್-134ಎ ಬಂದಿತು. ಇದು ಓಜೋನನ್ನು ಮುಟ್ಟದು. ಆದರೆ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸಬಲ್ಲದು. ಆದ್ದರಿಂದ ಯೂರೋಪಿನಲ್ಲಿ 2017ರಿಂದ ಹೊಸ ಕಾರುಗಳಿಗೆಲ್ಲ ಇದು ನಿಷಿದ್ಧವಾಗಿ, ಆರ್-1234ವೈಎಫ್ ಎಂಬ, ಬೆಲೆಯಲ್ಲಿ ಹಲವು ಪಟ್ಟು ದುಬಾರಿಯಾದ ಗ್ಯಾಸು ರೂಢಿಗೆ ಬಂದಿದೆ. ಈ ಬಗೆಯ ಅನಿಲಗಳನ್ನು ತಗ್ಗಿಸುವ ಕಿಗಾಲಿ ತಿದ್ದುಪಡಿಯನ್ನು ಭಾರತವೂ 2021ರಲ್ಲಿ ಸ್ಥಿರೀಕರಿಸಿತು. ಒಂದು ವಾಹನದ ಒಂದು ಬಾರಿಯ ಸೋರಿಕೆಯೆಂದರೆ ಸುಮಾರು ಒಂದೂವರೆ ಟನ್ನು ಇಂಗಾಲದ ಡೈಆಕ್ಸೈಡನ್ನು ಗಾಳಿಗೆ ಬಿಟ್ಟಂತೆ. ಇದು ಬರೀ ಹಣ ತೆತ್ತು ತೀರುವ ಋಣವಲ್ಲ.

ದೊಡ್ಡ ವಾಹನದ ವ್ಯವಸ್ಥೆಯು ಸಣ್ಣ ಕಾರಿನದಕ್ಕಿಂತ ಗಾತ್ರದಲ್ಲಿ ಮಾತ್ರವಲ್ಲ, ಸ್ವಭಾವದಲ್ಲಿಯೂ ಬೇರೆ. ಮುಂದಿನವರಿಗೊಂದು, ಹಿಂದಿನವರಿಗೊಂದು, ಹೀಗೆ ಎರಡು ಕೂಲಿಂಗ್ ಕಾಯಿಲುಗಳು ಅನೇಕ ವಾಹನಗಳಲ್ಲಿರುತ್ತವೆ. ಹಿಂದಿನದಕ್ಕೆ ಗ್ಯಾಸು ಒಯ್ಯುವ ಅಲ್ಯೂಮಿನಿಯಂ ಕೊಳವೆಗಳು ವಾಹನದ ತಳದಲ್ಲಿ, ಚಕ್ರಗಳು ಎರಚುವ ಕೆಸರು ಕಲ್ಲುಗಳ ನಡುವೆ ಉದ್ದಕ್ಕೂ ಸಾಗುತ್ತವೆ. ಎಡದವರಿಗೆ 20 ಡಿಗ್ರಿ, ಬಲದವರಿಗೆ 24 ಡಿಗ್ರಿ ಎಂದು ಹಂಚಿಕೊಡಲು ಡ್ಯಾಷ್‌ಬೋರ್ಡಿನೊಳಗೆ ಪುಟ್ಟ ಪುಟ್ಟ ಬಾಗಿಲುಗಳೂ ಅವನ್ನು ತಿರುಗಿಸುವ ಪುಟ್ಟ ಮೋಟಾರುಗಳೂ ಇರುತ್ತವೆ. ಬಿಸಿಲು ಯಾವ ಕಡೆಯಿಂದ ಬೀಳುತ್ತಿದೆಯೆಂದು ನೋಡುವ ಕಣ್ಣೊಂದು, ಹೊರಗಿನ ಶಾಖವನ್ನು ಅಳೆಯುವ ಸೆನ್ಸಾರೊಂದು, ಇವೆಲ್ಲದರ ವರದಿಯನ್ನು ಕೇಳಿ ಆಜ್ಞೆ ಹೊರಡಿಸುವ ಕಂಪ್ಯೂಟರೊಂದು. ಕಂಪ್ರೆಸರಿಗೆ ಎಷ್ಟೋ ವಾಹನಗಳಲ್ಲಿ ಕ್ಲಚ್ಚೇ ಇಲ್ಲ. ಎಂಜಿನ್ನು ತಿರುಗಿದಷ್ಟು ಹೊತ್ತೂ ಅದು ತಿರುಗುತ್ತಿರುತ್ತದೆ, ಎಷ್ಟು ಒತ್ತಬೇಕೆಂಬುದನ್ನು ಅದರ ಬೆನ್ನಿಗಂಟಿದ ಕಂಟ್ರೋಲ್ ವಾಲ್ವು ನಿರ್ಧರಿಸುತ್ತದೆ. ಟಕ್ಕೆಂದು ಕ್ಲಚ್ಚು ಹಿಡಿಯುವ ಸದ್ದಿಗೆ ಕಿವಿಗೊಟ್ಟು ಕಂಪ್ರೆಸರಿನ ಕ್ಷೇಮ ತಿಳಿಯುತ್ತಿದ್ದ ಹಳಬರ ಜಾಣ್ಮೆ ಇಲ್ಲಿ ನಡೆಯದು.

ಇಷ್ಟೊಂದು ಅಂಗಾಂಗಗಳಿರುವಾಗ, ಗೇಜು ಹಚ್ಚುವ ಮೊದಲೇ ಒಡೆಯನು ಗಮನಿಸಿ ಹೇಳಬಹುದಾದ ಲಕ್ಷಣಗಳಿಗೆ ಬಹಳ ಬೆಲೆಯುಂಟು. ‘ತಂಪಿಲ್ಲ’ವೆಂಬುದು ‘ಮೈ ಸರಿಯಿಲ್ಲ’ವೆಂದಷ್ಟೇ ಮೊಗಮ್ಮಾದ ಮಾತು. ಯಾವಾಗ ಇಲ್ಲ, ಎಲ್ಲಿ ಇಲ್ಲ, ಗಾಳಿಯೇ ಇಲ್ಲವೋ ಅಥವಾ ಗಾಳಿ ಇದ್ದು ತಂಪಿಲ್ಲವೋ?

ತುಮಕೂರು ರಸ್ತೆಯಲ್ಲಿ ಓಡುವಾಗ ಹಿಮದಂತೆ ತಂಪಾಗಿದ್ದು, ಸಿಲ್ಕ್ ಬೋರ್ಡಿನ ವಾಹನಸಂದಣಿಯಲ್ಲಿ ನಿಂತೊಡನೆ ಬಿಸಿಯಾಗುವುದಾದರೆ ಸಂಶಯವು ಮೊದಲು ಕಂಡೆನ್ಸರಿನ ಫ್ಯಾನಿನ ಮೇಲೆ ಹೋಗತಕ್ಕದ್ದು. ಓಡುವಾಗ ಎದುರುಗಾಳಿ ಮಾಡುವ ಕೆಲಸವನ್ನು ನಿಂತಾಗ ಫ್ಯಾನು ಮಾಡಬೇಕು. ಅದು ಸೋತಿದೆ, ಅಥವಾ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಧೂಳು, ತರಗು, ಸತ್ತ ಹುಳುಗಳು ಕಂಬಳಿಯಂತೆ ಹೆಪ್ಪುಗಟ್ಟಿವೆ. ಇದನ್ನು ಪರೀಕ್ಷಿಸಲು ನಯವಾಗಿ ನೀರು ಚಿಮುಕಿಸುವ ಒಂದು ರಬ್ಬರ್ ಪೈಪು ಸಾಕು. ನಿಂತ ವಾಹನದ ಕಂಡೆನ್ಸರಿನ ಮೇಲೆ ನೀರು ಬಿದ್ದೊಡನೆ ಒಳಗೆ ತಂಪು ಮರಳಿದರೆ ದೋಷವು ಗಾಳಿಯ ಹರಿವಿನದೆಂದು ಬಹುಮಟ್ಟಿಗೆ ಗೊತ್ತಾಯಿತು. ಇಂಥ ವಾಹನಕ್ಕೆ ಗ್ಯಾಸು ತುಂಬಿಸಿದರೆ ಒತ್ತಡ ಇನ್ನೂ ಏರಿ ಕಂಪ್ರೆಸರಿಗೆ ಮೃತ್ಯು ಸಮೀಪಿಸುತ್ತದೆ.

ಗಾಳಿಯೇ ಕ್ಷೀಣವಾಗಿದ್ದರೆ ನೋಡಬೇಕಾದದ್ದು ಕ್ಯಾಬಿನ್ ಫಿಲ್ಟರನ್ನು. ಕೈಪೆಟ್ಟಿಗೆಯ ಹಿಂದೆ ಅಡಗಿರುವ ಈ ಕಾಗದದ ಸೋಸುಗವನ್ನು ವರ್ಷಗಟ್ಟಲೆ ಬದಲಿಸದೆ, ಬೂದುಬಣ್ಣದ ಹಾಸಿಗೆಯಂತಾದ ಮೇಲೆ ಸಾವಿರಾರು ರೂಪಾಯಿ ಬೇರೆಡೆ ಸುರಿದವರ ಸಂಖ್ಯೆ ಸಣ್ಣದಿರಲಾರದು. ಹೊರಟಾಗ ಚೆನ್ನಾಗಿದ್ದು, ಒಂದೆರಡು ಗಂಟೆಯ ಮೇಲೆ ಗಾಳಿ ಕುಗ್ಗಿ, ಕಾಫಿಗೆಂದು ಹದಿನೈದು ನಿಮಿಷ ನಿಲ್ಲಿಸಿ ಹೊರಟರೆ ಮತ್ತೆ ಸರಿಯಾಗುವ ಬಗೆ ಬೇರೆ. ಅಲ್ಲಿ ಕೂಲಿಂಗ್ ಕಾಯಿಲಿನ ಮೇಲೆ ಮಂಜು ಕಟ್ಟುತ್ತಿದೆ. ಕಾಯಿಲಿನ ಶಾಖವನ್ನಳೆಯುವ ಸೆನ್ಸಾರು ಸುಳ್ಳು ಹೇಳುತ್ತಿರಬಹುದು. ಮುಂದೆ ಒಂದು ಪಕ್ಕ ತಂಪು, ಇನ್ನೊಂದು ಪಕ್ಕ ಬಿಸಿ ಎಂಬುದು ಸಾಮಾನ್ಯವಾಗಿ ಆ ಪುಟ್ಟ ಬಾಗಿಲುಗಳ ಮೋಟಾರಿನ ದೋಷ. ಅದರ ಪ್ಲಾಸ್ಟಿಕ್ ಹಲ್ಲು ಮುರಿದಿದ್ದರೆ ವಾಹನ ಚಾಲೂ ಮಾಡಿದಾಗ ಡ್ಯಾಷ್‌ಬೋರ್ಡಿನೊಳಗೆ ಟಿಕ್ ಟಿಕ್ ಸದ್ದು ಕೇಳಿಸುವುದುಂಟು. ಆದರೆ ಇಲ್ಲೊಂದು ತೊಡಕಿದೆ: ಗ್ಯಾಸು ಅರೆಬರೆಯಾದಾಗಲೂ ಕಾಯಿಲಿನ ಒಂದು ಭಾಗ ಮಾತ್ರ ತಣ್ಣಗಾಗಿ ಇದೇ ಲಕ್ಷಣ ತೋರುವ ವಾಹನಗಳುಂಟು. ಡ್ಯಾಷ್‌ಬೋರ್ಡು ಬಿಚ್ಚುವ ಮೊದಲು ಗ್ಯಾಸಿನ ತೂಕ ನೋಡುವುದು ಜಾಣತನ. ಕಾರ್ಪೆಟ್ಟು ಒದ್ದೆಯಾದರೆ ಗಾಬರಿ ಬೇಡ. ಕಾಯಿಲಿನ ಮೇಲೆ ಬೆವೆತ ನೀರು ಹೊರಗೆ ಹೋಗುವ ಕೊಳವೆ ಕಟ್ಟಿಕೊಂಡಿದೆ, ಅಷ್ಟೆ. ಆ ನೀರು ವಾಹನದ ಕೆಳಗೆ ತೊಟ್ಟಿಕ್ಕುವುದು ಆರೋಗ್ಯದ ಚಿಹ್ನೆ.

ಏನೂ ತಂಪಿಲ್ಲದಿದ್ದಾಗ ಕೂಡ ಗ್ಯಾಸೇ ಕಾರಣವೆಂದು ಹೇಳಲಾಗದು. ಹೊರಗಿನ ಶಾಖದ ಸೆನ್ಸಾರಿನ ತಂತಿ ಕಡಿದು ಕಂಪ್ಯೂಟರಿಗೆ ‘ಹೊರಗೆ ಮಹಾ ಚಳಿ’ ಎಂಬ ವರದಿ ಹೋದರೆ, ಉರಿಬಿಸಿಲಿನಲ್ಲಿಯೂ ಅದು ಕಂಪ್ರೆಸರಿಗೆ ರಜೆ ಕೊಟ್ಟು ಕುಳಿತಿರುತ್ತದೆ. ಎಂಜಿನ್ನು ಅತಿಯಾಗಿ ಕಾದರೂ ಹಾಗೆಯೇ. ಕೆಲವು ವಾಹನಗಳಿಗೆ ಸ್ಕ್ಯಾನರು ಹಚ್ಚಿದರೆ ಕಂಪ್ರೆಸರನ್ನು ಯಾವ ಕಾರಣಕ್ಕೆ ನಿಲ್ಲಿಸಿದೆಯೆಂಬುದನ್ನು ಕಂಪ್ಯೂಟರು ತಾನಾಗಿಯೇ ಒಪ್ಪಿಸುತ್ತದೆ. ಕೇಳುವ ವ್ಯವಧಾನ ಬೇಕು.

ಇನ್ನು ಗೇಜಿನ ಮಾತು. ವೈದ್ಯನಿಗೆ ನಾಡಿಯಿದ್ದಂತೆ ಇವರಿಗೆ ಎರಡು ಗೇಜುಗಳು, ಒಂದು ತಗ್ಗು ಒತ್ತಡಕ್ಕೆ, ಒಂದು ಹೆಚ್ಚು ಒತ್ತಡಕ್ಕೆ. ಆರ್-134ಎ ಇರುವ ವಾಹನದಲ್ಲಿ ಬೇಸಗೆಯ ಹಗಲು ಯಂತ್ರ ಓಡುತ್ತಿರುವಾಗ ತಗ್ಗಿನ ಕಡೆ ಚದರ ಅಂಗುಲಕ್ಕೆ ಸುಮಾರು 30ರಿಂದ 45 ಪೌಂಡು, ಹೆಚ್ಚಿನ ಕಡೆ 200ರಿಂದ 250 ಪೌಂಡು ಕಂಡರೆ ನಾಡಿ ಸರಿಯಾಗಿದೆಯೆನ್ನಬಹುದು. ಎರಡೂ ತಗ್ಗಿದ್ದರೆ ಗ್ಯಾಸು ಸೋರಿದೆ. ಎರಡೂ ಏರಿದ್ದರೆ ಕಂಡೆನ್ಸರಿಗೆ ಗಾಳಿಯಿಲ್ಲ, ಅಥವಾ ಹಿಂದಿನವರಾರೋ ಗ್ಯಾಸನ್ನು ಮಿತಿಮೀರಿ ತುಂಬಿದ್ದಾರೆ. ತಗ್ಗಿನದು ಏರಿ, ಹೆಚ್ಚಿನದು ಇಳಿದು, ಎರಡೂ ಹತ್ತಿರ ಹತ್ತಿರ ನಿಂತರೆ ಕಂಪ್ರೆಸರು ತಿರುಗುತ್ತಿದೆಯೇ ಹೊರತು ಒತ್ತುತ್ತಿಲ್ಲ. ಅದರ ಕಂಟ್ರೋಲ್ ವಾಲ್ವನ್ನು ಮೊದಲು ನೋಡಬೇಕು, ಏಕೆಂದರೆ ಕೆಲವು ವಾಹನಗಳಲ್ಲಿ ಅದೊಂದನ್ನೇ ಬದಲಿಸಿ ಇಡೀ ಕಂಪ್ರೆಸರಿನ ಖರ್ಚನ್ನು ಉಳಿಸಬಹುದು. ತಗ್ಗಿನ ಮುಳ್ಳು ಸೊನ್ನೆಯ ಕೆಳಗೆ ಜಾರಿದರೆ ದಾರಿಯಲ್ಲೆಲ್ಲೋ ಅಡಚಣೆ.

ಎಂಜಿನ್ನು ನಿಂತಿರುವಾಗ ಗೇಜು ಹಚ್ಚಿ “ನೋಡಿ ಸಾರ್, 95 ಇದೆ, ಗ್ಯಾಸು ಫುಲ್ಲು” ಎನ್ನುವವರ ಮಾತನ್ನು ಮಾತ್ರ ನಂಬಲಾಗದು. ಅಡುಗೆಮನೆಯ ಸಿಲಿಂಡರಿನ ನಿದರ್ಶನ ಇಲ್ಲಿ ಉಪಯುಕ್ತ. ಸಿಲಿಂಡರು ತುಂಬಿದ್ದಾಗಲೂ ಕಾಲು ಪಾಲು ಉಳಿದಾಗಲೂ ಒಲೆಯ ಉರಿ ಒಂದೇ ಸಮನಾಗಿರುತ್ತದೆ. ಕೊನೆಯ ದಿನ ಸಾರು ಕುದಿಯುತ್ತಿರುವಾಗಲೇ ಅದು ಕೈಕೊಡುತ್ತದೆ. ಒಳಗೆ ದ್ರವದ ಅಂಶ ಇರುವವರೆಗೂ ಒತ್ತಡವು ಹೊರಗಿನ ಶಾಖವನ್ನು ಅವಲಂಬಿಸಿದೆಯೇ ಹೊರತು ದ್ರವದ ಮೊತ್ತವನ್ನಲ್ಲ. ಮೂವತ್ತು ಡಿಗ್ರಿಯ ದಿನ ನಿಂತ ವಾಹನದಲ್ಲಿ 300 ಗ್ರಾಂ ಇದ್ದರೂ 900 ಗ್ರಾಂ ಇದ್ದರೂ ಮುಳ್ಳು ಅದೇ 95, 100ರ ನಡುವೆ ನಿಲ್ಲುತ್ತದೆ. ಸಿಲಿಂಡರಿನಲ್ಲಿ ಎಷ್ಟಿದೆಯೆಂದು ತಿಳಿಯಲು ತೂಕ ಹಾಕುವುದೊಂದೇ ಮಾರ್ಗವಾದಂತೆ ಇಲ್ಲಿಯೂ ಅದೊಂದೇ ಮಾರ್ಗ. ಇದ್ದ ಗ್ಯಾಸನ್ನು ಯಂತ್ರದಿಂದ ಹೊರಗೆಳೆದು, ತೂಗಿ, ಬಾನೆಟ್ಟಿನ ಕೆಳಗಿನ ಚೀಟಿಯಲ್ಲಿ ಕಾರ್ಖಾನೆಯವರು ಬರೆದಿಟ್ಟ ತೂಕದೊಡನೆ ಹೋಲಿಸಬೇಕು.

ಮಲ್ಲೇಶ್ವರದ ಒಂದು ಸಂಸಾರವನ್ನು ಉದಾಹರಣೆಗೆಂದು ಭಾವಿಸಿಕೊಳ್ಳಬಹುದು. ಆರು ವರ್ಷದ ಜರ್ಮನ್ ಎಸ್.ಯು.ವಿ. ಪ್ರತಿ ವರ್ಷ ಮಕ್ಕಳಿಗೆ ರಜೆ ಬಂದೊಡನೆ ಶಿರಾಡಿ ಘಟ್ಟವನ್ನಿಳಿದು ಧರ್ಮಸ್ಥಳ, ಉಡುಪಿ, ಮಲ್ಪೆಯ ಕಡಲತೀರ. ಮೂರು ಬೇಸಗೆ ಗ್ಯಾಸು ತುಂಬಿಸಿದ್ದಾಯಿತು. ನಾಲ್ಕನೆಯ ಸಲ ಘಟ್ಟದ ನಡುವೆಯೇ ತಂಪು ನಿಂತು, ನಡುವಿನ ಆಸನದಲ್ಲಿದ್ದ ವೃದ್ಧೆಯಾದ ಅತ್ತೆಗೆ ತಲೆಸುತ್ತು ಬಂದು, ಸಕಲೇಶಪುರಕ್ಕೆ ಮರಳಬೇಕಾಯಿತು. ಊರಿಗೆ ಬಂದ ಮೇಲೆ ಗ್ಯಾರೇಜಿನಲ್ಲಿ ಹೀಗೆ ಮಾತು ನಡೆಯುತ್ತದೆ:

“ಏನಪ್ಪಾ, ಹೋದ ವರ್ಷವೂ ಇದನ್ನೇ ಹೇಳಿದ್ದೆಯಲ್ಲ?”

“ಗ್ಯಾಸು ಅಂದಮೇಲೆ ಮುಗಿಯತ್ತೆ ಸಾರ್. ಈ ಸಲ ಕಂಪ್ರೆಸರ್ ಕೂಡ ಬದಲಾಯಿಸಿಬಿಡೋಣ.”

ಜೊತೆಯಲ್ಲಿ ಬಂದಿದ್ದ ಗೃಹಿಣಿ ಕೇಳುತ್ತಾರೆ: “ಅಡುಗೆಮನೆಯದಾದರೆ ಉರಿದು ಮುಗಿಯುತ್ತೆ. ಇದು ಏನನ್ನು ಉರಿಸಿ ಮುಗಿಯಿತು?”

ಉತ್ತರವಿಲ್ಲ. ಕಂಪ್ರೆಸರಿನ ಅಂದಾಜು ಲಕ್ಷವನ್ನು ಮೀರಿದೆ. ಗೃಹಿಣಿಯ ಪ್ರಶ್ನೆಗೆ ಉತ್ತರ ಹುಡುಕುವ ಇನ್ನೊಬ್ಬ ಮೆಕ್ಯಾನಿಕ್ಕನು ದೊರೆತರೆ ಅವನು ಮಾಡುವ ಕೆಲಸವೇ ಬೇರೆ. ಉಳಿದ ಗ್ಯಾಸನ್ನು ಹೊರಗೆಳೆದು ತೂಗಿ, ಕೊಳವೆಗಳಿಗೆ ಒಣ ನೈಟ್ರೋಜನ್ ಒತ್ತಡವನ್ನು ಕೊಟ್ಟು ಗೇಜಿನ ಮುಳ್ಳು ಇಳಿಯುವುದನ್ನು ಕಾಯುತ್ತಾನೆ. ವಾಹನವನ್ನು ಮೇಲೆತ್ತಿ, ಹಿಂದಿನ ಎಡಚಕ್ರದ ಬಳಿ, ಕೊಳವೆಯನ್ನು ತಳಕ್ಕೆ ಹಿಡಿದಿಟ್ಟ ಕ್ಲಾಂಪಿನಲ್ಲಿ ಕೂತ ಮಣ್ಣನ್ನು ತೊಳೆದು ಸಾಬೂನಿನ ನೊರೆ ಹಚ್ಚಿದಾಗ ಗುಳ್ಳೆಗಳು ಏಳುತ್ತವೆ. ಕರಾವಳಿಯ ಉಪ್ಪು, ಕ್ಲಾಂಪಿನಡಿ ಆರದೆ ಉಳಿದ ಒದ್ದೆಮಣ್ಣು, ಎರಡೂ ಸೇರಿ ಅಲ್ಯೂಮಿನಿಯಮ್ಮನ್ನು ಸೂಜಿಮೊನೆಯಷ್ಟು ಕೊರೆದಿವೆ. ಕಂಪ್ರೆಸರು ನಿರ್ದೋಷಿ.

ಎಲ್ಲ ಸೋರಿಕೆಗಳೂ ಇಷ್ಟು ಸುಲಭವಾಗಿ ಸಿಗುವುದಿಲ್ಲ. ಕೆಲವು ವಾರಗಟ್ಟಲೆ ಅಡಗಿರುತ್ತವೆ. ಅಂಥವಕ್ಕೆ ಗ್ಯಾಸಿನೊಡನೆ ಸ್ವಲ್ಪ ಬಣ್ಣದ ದ್ರವವನ್ನು ಬೆರೆಸಿ, ಹಲವು ದಿನ ಓಡಿಸಿ, ನೇರಳಾತೀತ ದೀಪದಡಿ ಹುಡುಕಿದರೆ ಸೋರಿದೆಡೆ ಹಸಿರು ಹಳದಿಯಾಗಿ ಬೆಳಗುತ್ತದೆ. ಮುಂದಿನ ಕಂಡೆನ್ಸರಿಗೆ ಕಲ್ಲು ಬಡಿದಿರಬಹುದು. ಜೋಡಣೆಯ ಓ-ರಿಂಗು ಒಣಗಿರಬಹುದು. ಗ್ಯಾಸು ತುಂಬುವ ಬಾಯಿಯ ವಾಲ್ವೇ ಸಡಿಲಾಗಿರಬಹುದು. ಎಲ್ಲಕ್ಕಿಂತ ಕಷ್ಟವಾದದ್ದು ಡ್ಯಾಷ್‌ಬೋರ್ಡಿನ ಹಿಂದಿನ ಕೂಲಿಂಗ್ ಕಾಯಿಲಿನ ಸೋರಿಕೆ. ಅದನ್ನು ಕಣ್ಣಿನಿಂದ ಕಾಣುವಂತಿಲ್ಲ. ನೀರು ಹೊರಹೋಗುವ ಕೊಳವೆಯ ಬಾಯಲ್ಲಿ ಗ್ಯಾಸು ಮೂಸುವ ಯಂತ್ರವನ್ನು ಹಿಡಿದು ಅಥವಾ ಅಲ್ಲಿ ಬಣ್ಣದ ಸುಳಿವು ನೋಡಿ ಊಹಿಸಬೇಕು. ಅನೇಕ ವಾಹನಗಳಲ್ಲಿ ಅದನ್ನು ಬದಲಿಸಬೇಕಾದರೆ ಇಡೀ ಡ್ಯಾಷ್‌ಬೋರ್ಡನ್ನು ಕಳಚಬೇಕು. ಇಂಥ ಕೆಲಸಕ್ಕೆ ಒಪ್ಪಿಗೆ ಕೊಡುವ ಮುನ್ನ ಎರಡನೆಯ ಅಭಿಪ್ರಾಯ ಪಡೆಯುವುದರಲ್ಲಿ ಸಂಕೋಚವೇನೂ ಇಲ್ಲ. ಶಸ್ತ್ರಚಿಕಿತ್ಸೆಗೆ ಮೊದಲು ಎಲ್ಲರೂ ಮಾಡುವುದು ಅದನ್ನೇ.

ತೂತು ಸಿಕ್ಕು ಕೊಳವೆ ಬದಲಾದ ಮೇಲೆಯೂ ಗ್ಯಾಸಿಗೆ ಅವಸರ ಸಲ್ಲದು. ಬಿಚ್ಚಿದ ವ್ಯವಸ್ಥೆಯೊಳಗೆ ಗಾಳಿ ಹೊಕ್ಕಿರುತ್ತದೆ, ಗಾಳಿಯೊಡನೆ ತೇವವೂ. ಆ ತೇವ ಎಕ್ಸ್‌ಪಾನ್ಷನ್ ವಾಲ್ವಿನಲ್ಲಿ ಮಂಜಾಗಿ ಕಂಡಿಯನ್ನು ಮುಚ್ಚಬಲ್ಲದು. ಎಣ್ಣೆಯೊಡನೆ ಸೇರಿ ಆಮ್ಲವಾಗಿ ಒಳಗಿಂದಲೇ ಲೋಹವನ್ನು ತಿನ್ನಬಲ್ಲದು. ಆದ್ದರಿಂದ ವ್ಯಾಕ್ಯೂಮ್ ಪಂಪಿನಿಂದ ಕನಿಷ್ಠ ಅರ್ಧ ಗಂಟೆ ನಿರ್ವಾತ ಎಳೆಯಬೇಕು. ಹೊರಗಿನ ಗಾಳಿಯ ಒತ್ತಡದಲ್ಲಿ 24ರಲ್ಲಿ ಒಂದು ಪಾಲಿಗಿಂತ ಕೆಳಗಿಳಿದರೆ 30 ಡಿಗ್ರಿಯಲ್ಲಿಯೇ ನೀರು ಕುದಿದು ಆವಿಯಾಗಿ ಹೊರಬರುತ್ತದೆ. ಪಂಪನ್ನು ನಿಲ್ಲಿಸಿದ ಮೇಲೆಯೂ ಮುಳ್ಳು ಕದಲದೆ ನಿಂತರೆ ಆಗ ತೂಗಿದ ಗ್ಯಾಸು, ಅಳೆದ ಎಣ್ಣೆ. ಡ್ರೈಯರನ್ನು ಬದಲಿಸದೆ ಹಣ ಉಳಿಸಿದೆವೆನ್ನುವುದು ಹುಸಿ ಮಿತವ್ಯಯ. ಕಂಪ್ರೆಸರು ಒಳಗೇ ತಿಂದುಹೋಗಿ ಲೋಹದ ಪುಡಿ ಹರಡಿದ್ದ ಪಕ್ಷದಲ್ಲಂತೂ ಹೊಸ ಕಂಪ್ರೆಸರೊಂದೇ ಸಾಲದು. ಈಗಿನ ಕಂಡೆನ್ಸರುಗಳ ಕೂದಲೆಳೆಯಂಥ ದಾರಿಗಳನ್ನು ತೊಳೆದು ಶುದ್ಧಿ ಮಾಡುವುದು ದುಸ್ಸಾಧ್ಯವಾದ್ದರಿಂದ ಅದನ್ನೂ ಬದಲಿಸಬೇಕು. ಇಲ್ಲವಾದರೆ ಹಳೆಯ ಪುಡಿ ಹೊಸದನ್ನೂ ಬಲಿ ತೆಗೆದುಕೊಳ್ಳುತ್ತದೆ.

ಅಡ್ಡದಾರಿಗಳೂ ಉಂಟು. ಸೋರಿಕೆ ಮುಚ್ಚುವ ಅಂಟನ್ನು ಡಬ್ಬಿಯಲ್ಲಿ ಮಾರುತ್ತಾರೆ. ಅದು ತೂತನ್ನು ಮುಚ್ಚಬಹುದು, ವಾಲ್ವನ್ನೂ ಮುಚ್ಚಬಹುದು, ಗ್ಯಾರೇಜಿನ ಯಂತ್ರವನ್ನೂ ಕೆಡಿಸಬಹುದು. ಗ್ಯಾಸು ತೀರ ಕಡಮೆಯಾದಾಗ ಪ್ರೆಷರ್ ಸೆನ್ಸಾರು ಕಂಪ್ರೆಸರನ್ನು ನಿಲ್ಲಿಸುವುದು ಅದರ ಜೀವ ಉಳಿಸಲೆಂದೇ, ಏಕೆಂದರೆ ಕಂಪ್ರೆಸರಿಗೆ ಬೇಕಾದ ಎಣ್ಣೆಯನ್ನು ಹೊತ್ತು ತಿರುಗುವುದು ಗ್ಯಾಸೇ. ತಂತಿ ಜೋಡಿಸಿ ಆ ಕಾವಲನ್ನು ತಪ್ಪಿಸಿ ಓಡಿಸಿದರೆ ಕೆಲವೇ ಹೊತ್ತಿನಲ್ಲಿ ಕಂಪ್ರೆಸರು ಹಿಡಿದುಕೊಳ್ಳುತ್ತದೆ. ಆರ್-1234ವೈಎಫ್ ಇರುವ ವಾಹನಕ್ಕೆ ಅಗ್ಗವೆಂದು ಆರ್-134ಎ ತುಂಬುವವರೂ ಇದ್ದಾರೆ. ಎರಡರ ಬಾಯಿಗಳ ಅಳತೆಯನ್ನು ಬೇರೆ ಬೇರೆಯಾಗಿಟ್ಟಿರುವುದೇ ಇಂಥ ಬೆರಕೆ ಆಗದಿರಲೆಂದು. ಹೈಬ್ರಿಡ್ ವಾಹನಗಳಲ್ಲಿ ಕಂಪ್ರೆಸರು ವಿದ್ಯುತ್ತಿನಿಂದ, ಅದೂ ನೂರಾರು ವೋಲ್ಟುಗಳಿಂದ ನಡೆಯುತ್ತದೆ. ಅದಕ್ಕೆ ವಿದ್ಯುತ್ತು ಹರಿಯಗೊಡದ ಬೇರೆ ಎಣ್ಣೆಯೇ ಬೇಕು. ಸಾಮಾನ್ಯ ಎಣ್ಣೆ ಸ್ವಲ್ಪ ಬೆರೆತರೂ ನಿರೋಧಕತೆ ಕುಗ್ಗಿ ಕಂಪ್ಯೂಟರು ಇಡೀ ವ್ಯವಸ್ಥೆಯನ್ನು ಬಂದುಮಾಡಬಹುದು. ಕಿತ್ತಳೆ ಬಣ್ಣದ ದಪ್ಪ ತಂತಿಗಳಿರುವ ಆ ಭಾಗಕ್ಕೆ ತರಬೇತಿಯಿಲ್ಲದವರು ಕೈಹಾಕಲೇ ಬಾರದು.

ಚಳಿಗಾಲದಲ್ಲಿಯೂ ತಿಂಗಳಿಗೊಮ್ಮೆ ಹತ್ತು ನಿಮಿಷ ಹವಾನಿಯಂತ್ರಣವನ್ನು ಓಡಿಸುವುದು ಒಳ್ಳೆಯದು; ಎಣ್ಣೆ ಹರಿದು ಸೀಲುಗಳು ಒಣಗದೆ ಉಳಿಯುತ್ತವೆ. ಕರಾವಳಿಯಿಂದ ಮರಳಿದ ವಾಹನದ ತಳವನ್ನು ಸಿಹಿನೀರಿನಿಂದ ತೊಳೆಸುವುದಕ್ಕೆ ಹೆಚ್ಚು ಖರ್ಚಿಲ್ಲ. ಇನ್ನು ಗ್ಯಾರೇಜಿನ ಬಿಲ್ಲಿನಲ್ಲಿ ‘ಗ್ಯಾಸು ತುಂಬಿದ್ದು’ ಎಂಬ ಒಂದೇ ಸಾಲಿದ್ದರೆ ಯಜಮಾನರು ಹಣ ಎಣಿಸುವ ಮೊದಲು ಎರಡು ಅಂಕಿಗಳನ್ನು ಬರೆಸಿಕೊಳ್ಳಬೇಕು: ಹೊರಗೆಳೆದಾಗ ಎಷ್ಟು ಗ್ರಾಂ ಇತ್ತು, ಈಗ ಎಷ್ಟು ಗ್ರಾಂ ಹಾಕಿದ್ದಾರೆ. ಮುಂದಿನ ವರ್ಷ ಅದೇ ಲೆಕ್ಕವನ್ನು ಮತ್ತೆ ತೆಗೆಸಿ ಪಕ್ಕದಲ್ಲಿಟ್ಟು ನೋಡಿದರೆ, ಕಳೆದ ಗ್ರಾಂಗಳು 60ರ ಒಳಗಿವೆಯೋ ಹೊರಗಿವೆಯೋ ಎಂಬುದನ್ನು ಹೈಸ್ಕೂಲಿಗೆ ಹೋಗುವ ಮಕ್ಕಳೂ ಹೇಳಬಲ್ಲರು.